ಟಿಟಿಯೊಳಗೆ ಬಿಸಿನೀರು: ಚೀಲ, ಗ್ಯಾಸ್, ಕರೆಂಟ್, ಇಂಜಿನ್

ಹಳೆಯ 12 ಸೀಟಿನ ಟಿಟಿಯೊಂದನ್ನು (ಟೆಂಪೊ ಟ್ರಾವೆಲರ್) ಕೊಂಡು, ಸೀಟೆಲ್ಲ ಕಿತ್ತು, ಮಂಚ, ಒಲೆ, ಸಿಂಕ್ ಕೂರಿಸಿ ಮೂರು ವರ್ಷವಾಯಿತು. ಹಿಂಬದಿಯಲ್ಲಿ ಮೂರಡಿಗೆ ಎರಡೂವರೆ ಅಡಿಯ ಬಚ್ಚಲೂ ಇದೆ. ಮಂಚ ಒಂದೇ ಸಲಕ್ಕೆ ಸರಿಹೋಯಿತು. ಬಿಸಿನೀರಿಗೆ ಮಾತ್ರ ನಾಲ್ಕು ಸಲ ದುಡ್ಡು ಸುರಿದೆ. ಇಂಥದ್ದೇ ಗಾಡಿ ಕಟ್ಟಿಸುತ್ತಿರುವ ಒಂದಿಬ್ಬರು ಕೇಳಿದ್ದರಿಂದ, ಯಾವುದು ಹೇಗೆ ಅಂತ ಬರೆಯುತ್ತಿದ್ದೇನೆ.

ಮೊದಲು ಕೊಂಡದ್ದು 20 ಲೀಟರಿನ ಕಪ್ಪು ಚೀಲ. ಬೆಳಿಗ್ಗೆ ನೀರು ತುಂಬಿ ಗಾಡಿಯ ಮೇಲೆ ಹಾಕಿದರೆ ಬಿಸಿಲೇ ಕಾಯಿಸುತ್ತದೆ. ಮಾರ್ಚ್‌ನಲ್ಲಿ ಹಂಪಿಗೆ ಹೋದಾಗ ಮಧ್ಯಾಹ್ನದ ಹೊತ್ತಿಗೆ ಕೈ ಇಡಲಾಗದಷ್ಟು ಕಾದಿತ್ತು. ಆದರೆ ಮಾರ್ಚ್ ತಿಂಗಳ ಹಂಪಿಯಲ್ಲಿ ಬಿಸಿನೀರು ಯಾರಿಗೆ ಬೇಕು? ಜುಲೈನಲ್ಲಿ ಸಕಲೇಶಪುರದಲ್ಲಿ ಇಡೀ ದಿನ ಮೇಲಿದ್ದರೂ ಮಳೆನೀರಿಗೂ ಚೀಲದ ನೀರಿಗೂ ವ್ಯತ್ಯಾಸ ಇರಲಿಲ್ಲ. ಈಗ ಅದು ಪಾತ್ರೆ ತೊಳೆಯುವುದಕ್ಕೆ.

ಎರಡನೆಯದು ಗ್ಯಾಸ್ ಗೀಸರ್. ಮನೆಗೆ ಹಾಕುವಂಥದ್ದೇ, ನಿಮಿಷಕ್ಕೆ 6 ಲೀಟರಿನದು. ಎರಡು ದಪ್ಪ ಸೆಲ್ ಹಾಕಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಕರೆಂಟಿನ ಗೊಡವೆಯೇ ಇಲ್ಲ. ಖರ್ಚಂತೂ ಲೆಕ್ಕಕ್ಕಿಲ್ಲ. 15 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 40 ಗ್ರಾಂ ಗ್ಯಾಸ್ ಸಾಕು. 5 ಕೆಜಿಯ ಪುಟ್ಟ ಸಿಲಿಂಡರ್‌ನಲ್ಲಿ ಆರಾಮವಾಗಿ 100 ಸ್ನಾನ ಆಗುತ್ತದೆ.

ತೊಂದರೆ ಶುರುವಾದದ್ದು ಪಂಪಿನಿಂದ. ಮನೆಯ ಟ್ಯಾಂಕಿನಿಂದ ನೀರು ಒಂದೇ ಸಮ ಇಳಿಯುತ್ತದೆ. ಗಾಡಿಯ 12 ವೋಲ್ಟ್ ಪಂಪ್ ಹಾಗಲ್ಲ. ನಲ್ಲಿ ಸ್ವಲ್ಪವೇ ತಿರುಗಿಸಿದರೆ ಅದು ನಿಂತು ನಿಂತು ಓಡುತ್ತದೆ. ನೀರು ನಿಂತಾಗಲೆಲ್ಲ ಗೀಸರ್ ಆರುತ್ತದೆ, ಬಂದಾಗ ಮತ್ತೆ ಹೊತ್ತುತ್ತದೆ. ಮೈಮೇಲೆ ಒಂದು ಸಲ ಸುಡುನೀರು, ಇನ್ನೊಂದು ಸಲ ಐಸ್ ನೀರು. ಪಂಪಿನ ಮುಂದೆ ಗಾಳಿ ತುಂಬಿದ ಒಂದು ಚಿಕ್ಕ ಪ್ರೆಶರ್ ಟ್ಯಾಂಕ್ ಹಾಕಿಸಿದ ಮೇಲೆ ಆ ಕಾಟ ತಪ್ಪಿತು.

ಅದಕ್ಕಿಂತ ದೊಡ್ಡ ವಿಷಯ ಬೇರೆ. ಇದನ್ನು ಗಾಡಿಯ ಒಳಗೆ ಹಾಕಲೇಬೇಡಿ. ಇದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಬೆಂಗಳೂರಿನ ಬಚ್ಚಲುಗಳಲ್ಲಿ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿಯನ್ನು ಪೇಪರಿನಲ್ಲಿ ಓದಿಯೇ ಇರುತ್ತೀರಿ. ಮನೆಯಲ್ಲೇ ಹೀಗಾದರೆ, ಬಾಗಿಲು ಕಿಟಕಿ ಹಾಕಿಕೊಂಡು ಮಲಗುವ ತಗಡಿನ ಡಬ್ಬಿಯಲ್ಲಿ? ನಾನು ಹಿಂಬಾಗಿಲ ಹೊರಗೆ ಕೊಕ್ಕೆ ಹೊಡೆದು ನೇತುಹಾಕಿದೆ. ಹೊರಗಾದರೆ ಗಾಳಿ ಬಿಡುವುದಿಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಒಂದು ಬೆಳಿಗ್ಗೆ, ತಲೆ ತುಂಬ ಶಾಂಪೂ ಇದ್ದಾಗ ಉರಿ ಆರಿಹೋಯಿತು. ಮೂರು ಸಲ ನಲ್ಲಿ ಮುಚ್ಚಿ ತೆರೆದೆ. ಹೊತ್ತಲಿಲ್ಲ. ತಣ್ಣೀರಲ್ಲೇ ತಲೆ ತೊಳೆದುಕೊಂಡೆ.

ಆ ಸಲ ಅಮ್ಮನೂ ಜೊತೆಗಿದ್ದರು. ತೀರ್ಥಹಳ್ಳಿ ಕಡೆಯವರು, ಹಂಡೆ ನೀರಲ್ಲಿ ಮಿಂದು ಬೆಳೆದವರು. ಗಾಳಿ ನಿಂತ ಮೇಲೆ ಸ್ನಾನಕ್ಕೆ ಹೋದವರು ಎರಡೇ ನಿಮಿಷಕ್ಕೆ ಬಾಗಿಲು ಬಡಿದರು. "ಇದೆಂತ ಮಾರಾಯ, ಮಾಡು ಸೋರಿದ ಹಾಗೆ ಬರ್ತದೆ. ಒಂದು ಬಕೆಟ್ ಕೊಡು."

ನಾನು ಅಲ್ಲಿಯವರೆಗೆ ನೋಡಿದ್ದೆಲ್ಲ ಹೊರದೇಶದವರ ವಿಡಿಯೊ. ಅವರದ್ದು ಶವರಿನ ಲೆಕ್ಕ. ಎಷ್ಟು ಹೊತ್ತು ನಿಂತರೂ ಹದವಾದ ನೀರು ಸುರಿಯುತ್ತಿರಬೇಕು. ನಾವು ಬಕೆಟ್ಟು ಚೊಂಬಿನ ಜನ. ನಮಗೆ ಸ್ವಲ್ಪವೇ ನೀರು ಚೆನ್ನಾಗಿ ಕಾದು ಸಿಕ್ಕಿದರೆ ಸಾಕು, ಬೆರಕೆ ನಾವೇ ಮಾಡಿಕೊಳ್ಳುತ್ತೇವೆ. 75 ಡಿಗ್ರಿಗೆ ಕಾದ 10 ಲೀಟರ್ ನೀರಿಗೆ 20 ಡಿಗ್ರಿಯ ತಣ್ಣೀರು 15 ಲೀಟರ್ ಸೇರಿಸಿದರೆ 42 ಡಿಗ್ರಿಯ 25 ಲೀಟರ್ ಆಯಿತು. ಗಾಡಿಯಲ್ಲಿ ಎರಡು ಸ್ನಾನಕ್ಕೆ ಅಷ್ಟು ಧಾರಾಳ. ಊರಿಗೆ ಬಂದವನೇ ಶವರ್ ಕಿತ್ತುಹಾಕಿದೆ.

ಹಾಗಾದರೆ ಚಿಕ್ಕ ಕರೆಂಟ್ ಗೀಸರ್ ಸಾಕಲ್ವಾ? ನನಗೂ ಹಾಗೇ ಅನಿಸಿ 10 ಲೀಟರಿನ, 2 ಕಿಲೋವ್ಯಾಟಿನದೊಂದನ್ನು ತಂದೆ. ಅಷ್ಟು ನೀರನ್ನು 75 ಡಿಗ್ರಿಗೆ ತರಲು ಸುಮಾರು 0.64 ಯೂನಿಟ್ ಬೇಕು. ಅಂದರೆ 100 ಆ್ಯಂಪಿಯರ್ ಅವರ್‌ನ 12 ವೋಲ್ಟ್ ಲೀಥಿಯಂ ಬ್ಯಾಟರಿಯ ಅರ್ಧ. ಅದೂ 170 ಆ್ಯಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಹೆಬ್ಬೆರಳು ದಪ್ಪದ ವೈರೂ ಬಿಸಿಯಾದದ್ದನ್ನು ಮುಟ್ಟಿ ನೋಡಿ ಇನ್‌ವರ್ಟರ್ ಆಸೆ ಬಿಟ್ಟೆ. ಹೋಮ್‌ಸ್ಟೇ ಅಂಗಳದಲ್ಲಿ ಗಾಡಿ ನಿಲ್ಲಿಸಿದರೆ ಸಿಗುವುದು ವರಾಂಡದ 5 ಆ್ಯಂಪಿನ ಪ್ಲಗ್. ಇದಕ್ಕೆ ಬೇಕಾದದ್ದು 15 ಆ್ಯಂಪಿನದು. ಅದು ಅವರ ಅಡುಗೆಮನೆಯಲ್ಲಿರುತ್ತದೆ. ಮಲೆನಾಡಿನಲ್ಲಿ ಲೋ ವೋಲ್ಟೇಜ್ ಬೇರೆ. 230 ಇರಬೇಕಾದದ್ದು 170ಕ್ಕೆ ಇಳಿದರೆ 2 ಕಿಲೋವ್ಯಾಟಿನ ಗೀಸರ್ 1.1ಕ್ಕೆ ಬರುತ್ತದೆ. ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ, ಆ ಮಾತು ಬಿಡಿ.

ಈಗ ಗಾಡಿಯಲ್ಲಿರುವುದು ನಾಲ್ಕನೆಯದು. ಇಂಜಿನ್ ಓಡುತ್ತಿದ್ದರೆ ಅದರ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡಲು ಒಳಗೆ ಸುತ್ತುವ ದ್ರವ, 80–90 ಡಿಗ್ರಿ ಇರುತ್ತದೆ. ಆ ಬಿಸಿಯನ್ನೆಲ್ಲ ರೇಡಿಯೇಟರ್ ಸುಮ್ನೆ ಗಾಳಿಗೆ ಬಿಡುತ್ತದೆ. ಕ್ಯಾಬಿನ್ ಹೀಟರ್‌ಗೆ ಹೋಗುವ ಪೈಪಿನಿಂದ ಒಂದು ಕವಲು ತೆಗೆದು, 10 ಲೀಟರಿನ ಸ್ಟೀಲ್ ಟ್ಯಾಂಕಿನೊಳಗಿನ ಸುರುಳಿಯಲ್ಲಿ ಹಾಯಿಸಿದ್ದೇವೆ. ಸುರುಳಿಯೊಳಗೆ ಕೂಲಂಟ್, ಹೊರಗೆ ಸ್ನಾನದ ನೀರು. ಟ್ಯಾಂಕಿನ ಸುತ್ತ ಬಿಸಿ ಹೊರಹೋಗದಂತೆ ಎರಡು ಇಂಚು ಪಫ್ ಫೋಮ್. ಒಂದು ಗಂಟೆ ಗಾಡಿ ಓಡಿಸಿದರೆ ನೀರು ರೆಡಿ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನಲ್ಲಿ ತೆರೆದರೂ ಬೆರೆಸಿಕೊಳ್ಳುವಷ್ಟು ಬಿಸಿ ಇರುತ್ತದೆ.

ಎಲ್ಲಕ್ಕಿಂತ ಜಾಸ್ತಿ ದುಡ್ಡು ತಿಂದದ್ದೂ ಇದೇ, ಟ್ಯಾಂಕ್, ಕೂಲಿ ಸೇರಿ 14,000 ರೂಪಾಯಿ. ಹೆದರಿಸಿದ್ದೂ ಇದೇ. ಮೊದಲ ಸಲ ಕೆಲಸ ಮಾಡಿದ ವರ್ಕ್‌ಶಾಪಿನವರು ಹೋಸಿಗೆ ಅಗ್ಗದ ಕ್ಲಿಪ್ ಹಾಕಿದ್ದರು. ಚಾರ್ಮಾಡಿ ಘಾಟಿ ಹತ್ತುವಾಗ ಒಂದು ಕಡೆ ಜಾರಿ ಕೂಲಂಟ್ ಸೋರಿತು, ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ತಿರುವಿನ ಪಕ್ಕ ನಿಲ್ಲಿಸಿ, ಇಂಜಿನ್ ಆರುವವರೆಗೆ ಎರಡು ಗಂಟೆ ಕಾದು, ಕುಡಿಯುವ ನೀರನ್ನೆಲ್ಲ ರೇಡಿಯೇಟರ್‌ಗೆ ಹೊಯ್ದು ಕೊಟ್ಟಿಗೆಹಾರ ಸೇರಿದೆವು. ಈಗ ಕವಲಿನ ಎರಡೂ ಕಡೆ ವಾಲ್ವ್ ಇದೆ. ಏನಾದರೂ ಆದರೆ ಟ್ಯಾಂಕನ್ನು ಇಂಜಿನ್‌ನಿಂದ ಬೇರೆ ಮಾಡಬಹುದು. ಟ್ಯಾಂಕಿಗೆ ಸೇಫ್ಟಿ ವಾಲ್ವ್ ಇರಲೇಬೇಕು. ಕೂಲಂಟ್ ವಿಷ, ಸುರುಳಿ ತೂತಾದರೆ ನೀರಿಗೆ ಸೇರುತ್ತದೆ. ಹಾಗಾಗಿ ಈ ನೀರು ಸ್ನಾನಕ್ಕೆ ಮಾತ್ರ, ಚಹಾಕ್ಕೆ ಅಲ್ಲ.

ಒಂದೇ ಕಡೆ ಎರಡು ದಿನ ನಿಂತರೆ ಇದೂ ತಣ್ಣಗೆ. ನಿಂತಲ್ಲೇ ಇಂಜಿನ್ ಓಡಿಸಿ ನೋಡಿದ್ದೇನೆ. ಡೀಸೆಲ್ ಇಂಜಿನ್ ಸುಮ್ನೆ ನಿಂತು ಓಡಿದರೆ ಬೇಗ ಕಾಯುವುದಿಲ್ಲ, ಅಕ್ಕಪಕ್ಕದವರ ಬೈಗುಳ ಬೇಗ ಬರುತ್ತದೆ. ಅದಕ್ಕೇ ಟ್ಯಾಂಕಿಗೆ 500 ವ್ಯಾಟಿನ ಕಾಯಿಲ್ ಒಂದನ್ನು ಕೂರಿಸಿದೆ. ಅದು ವರಾಂಡದ 5 ಆ್ಯಂಪಿನ ಪ್ಲಗ್ಗಿಗೇ ಸಾಕು, ಒಂದೂಕಾಲು ಗಂಟೆ ಕಾಯಬೇಕು ಅಷ್ಟೇ. ದಿನಾ ಗಾಡಿ ಓಡಿಸದೆ, ಕಾಡಂಚಿನಲ್ಲಿ ವಾರಗಟ್ಟಲೆ ಬೀಡು ಬಿಡುವವರಾದರೆ ನನ್ನ ದಾರಿ ಹಿಡಿಯಬೇಡಿ. ನಿಮಗೆ ಗ್ಯಾಸೇ ಸರಿ, ಹೊರಗೆ ನೇತುಹಾಕಿ, ಮೂರು ಕಡೆ ತಗಡಿನ ಮರೆ ಕಟ್ಟಿ.

ನನ್ನ ಗ್ಯಾಸ್ ಗೀಸರ್ ಅಟ್ಟದ ಮೇಲಿದೆ. ಸುಮ್ನೆ ಬಿದ್ದಿದೆಯಲ್ಲ, ನಮ್ಮ ಮನೆಗೆ ಕೊಡು ಅಂತ ಭಾವ ಎರಡು ಸಲ ಕೇಳಿದರು. ಅವರ ಬಚ್ಚಲಿಗೆ ಕಿಟಕಿಯಿಲ್ಲ. ಕೊಟ್ಟಿಲ್ಲ.