ಮದುವೆ ಡಿವಿಡಿಗಳೂ ಹ್ಯಾಂಡ್‌ಬ್ರೇಕೂ: ಮೂರು ವರ್ಷ ಬಳಸಿದ ಮೇಲೆ

ಮೊದಲು ಇಲ್ಲೇ ತುಮಕೂರಿನ ಒಂದು ಅಂಗಡಿಗೆ ಅಕ್ಕನ ಮದುವೆಯ ಡಿಸ್ಕನ್ನು ಫೈಲ್ ಮಾಡಿಕೊಡಿ ಅಂತ ಕೊಟ್ಟಿದ್ದೆ. ಪೆನ್‌ಡ್ರೈವ್‌ನಲ್ಲಿ ಬಂದದ್ದು ನೋಡಿದರೆ ಎಲ್ಲರೂ ದಪ್ಪ! ಹಳೇ ಟಿವಿ ಆಕಾರದ 4:3 ಚಿತ್ರವನ್ನು ಅಗಲಕ್ಕೆ ಎಳೆದುಬಿಟ್ಟಿದ್ದರು. ಯಾರಾದರೂ ಕೈ ಆಡಿಸಿದರೆ ಬಾಚಣಿಗೆ ಹಲ್ಲಿನಂಥ ಗೆರೆಗಳು ಬೇರೆ. "ಆಗ್ಲೇ ನಾನು ಇಷ್ಟು ದಪ್ಪ ಇದ್ನೇನೋ?" ಅಂತ ಅಕ್ಕ ಕೇಳಿದಳು.

ಆಮೇಲೆ ಯುಎಸ್‌ಬಿ ಡಿವಿಡಿ ಡ್ರೈವ್ ತಗೊಂಡು, ವಿಡಿಯೊ ಕನ್ವರ್ಟ್ ಮಾಡುವ ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರ್ ಕಂಪ್ಯೂಟರಿಗೆ ಹಾಕಿಕೊಂಡೆ. ಪೂರ್ತಿ ಉಚಿತ, ವಾಟರ್‌ಮಾರ್ಕ್ ಇಲ್ಲ. ಮೂರು ವರ್ಷದಲ್ಲಿ ಸುಮಾರು ಮೂವತ್ತು ಡಿಸ್ಕ್ ಮುಗಿಸಿದ್ದೇನೆ.

ಡಿಸ್ಕಿನಿಂದ ನೇರವಾಗಿ ಕನ್ವರ್ಟ್ ಮಾಡಬೇಡಿ. ಮೊದಲು ಡಿಸ್ಕಿನಲ್ಲಿರುವ ವಿಡಿಯೊ ಟಿಎಸ್ (VIDEO_TS) ಫೋಲ್ಡರ್ ಪೂರ್ತಿ ಕಾಪಿ ಮಾಡಿ, ಆ ಫೋಲ್ಡರನ್ನೇ ತೆರೆಯಿರಿ. ಒಳಗೆ ವಿಡಿಯೊ ಇರುವ ವಿಒಬಿ (VOB) ಫೈಲುಗಳು 1 ಜಿಬಿಗೊಂದು ತುಂಡಾಗಿರುತ್ತವೆ, ಒಂದನ್ನೇ ಹಾಕಿದರೆ ಧಾರೆಯ ಮಧ್ಯದಲ್ಲೇ ವಿಡಿಯೊ ನಿಂತುಹೋಗುತ್ತದೆ. ನನಗೆ ಹಾಗೇ ಆಯಿತು.

ಇನ್ನು ಆ ಗೆರೆ. ನಮ್ಮ ಕಡೆಯ ಡಿವಿಡಿಗಳು ಹೆಚ್ಚಾಗಿ ಪಾಲ್ (PAL) ಅನ್ನೋ ಟಿವಿ ಮಾದರಿಯವು, 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ಡ್. ಅಂದರೆ ಒಂದು ಫ್ರೇಮಿನಲ್ಲಿ ಎರಡು ಕ್ಷಣದ ಅರ್ಧರ್ಧ ಚಿತ್ರ ಹೆಣೆದುಕೊಂಡಿರುತ್ತದೆ. ಫಿಲ್ಟರ್ಸ್‌ನಲ್ಲಿ ಡಿಇಂಟರ್‌ಲೇಸ್ ಹಾಕಿ, ಅದರಲ್ಲಿ ಆ ಎರಡು ಕ್ಷಣಗಳನ್ನು ಬೇರೆ ಬೇರೆ ಫ್ರೇಮ್ ಮಾಡುವ ಬಾಬ್ ಆರಿಸಿ ಫ್ರೇಮ್ ರೇಟ್ 50 ಕೊಟ್ಟರೆ ಗೆರೆ ಹೋಗುವುದಷ್ಟೇ ಅಲ್ಲ, ಮೆರವಣಿಗೆಯಲ್ಲಿ ಕುಣಿಯುವವರ ಚಲನೆ ಟಿವಿಯಲ್ಲಿ ನೋಡಿದಷ್ಟೇ ನಯವಾಗಿ ಬರುತ್ತದೆ. ಕ್ವಾಲಿಟಿ ಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆ ಇದ್ದಷ್ಟೂ ಚಿತ್ರ ಚೆನ್ನ) 20 ಇಡುತ್ತೇನೆ. ಎಡಿಟ್ ಮಾಡುವುದಿದ್ದರೆ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಲೇಬೇಕು, ಇಲ್ಲದಿದ್ದರೆ ಕೆಲವು ಎಡಿಟರ್‌ಗಳಲ್ಲಿ ಪುರೋಹಿತರ ಬಾಯಿ ಮೊದಲು, ಮಂತ್ರ ಆಮೇಲೆ.

ಕೊರತೆ ಇಲ್ಲವೆಂದಲ್ಲ. ಹ್ಯಾಂಡ್‌ಬ್ರೇಕ್ ಚಿತ್ರವನ್ನು ಇದ್ದ ಹಾಗೇ ಎತ್ತಿಕೊಡುವುದಿಲ್ಲ, ಪ್ರತಿ ಸಲ ಮತ್ತೆ ಎನ್‌ಕೋಡ್ ಮಾಡುತ್ತದೆ, ಸ್ವಲ್ಪವಾದರೂ ಗುಣಮಟ್ಟ ಹೋಗುತ್ತದೆ. ಹಾಗಾಗಿ ಕಾಪಿ ಮಾಡಿದ ಫೋಲ್ಡರ್ ಅಳಿಸಬೇಡಿ. ಕತ್ತರಿಸಿ ಜೋಡಿಸೋದಕ್ಕೆ ಶಾಟ್‌ಕಟ್‌ನಂಥ ಎಡಿಟರ್ ಬೇಕು, ಅದೂ ಉಚಿತ. ಹಳೇ ವಿಸಿಡಿ 352×288 ಅಷ್ಟೇ, ತಿಪ್ಪರಲಾಗ ಹಾಕಿದರೂ ಎಚ್‌ಡಿ ಆಗಲ್ಲ.

ಹಂಚೋದು ಇನ್ನೊಂದು ಕತೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ, 2 ಜಿಬಿವರೆಗೆ ಹೋಗುತ್ತದೆ. ವಿಡಿಯೊ ಅಂತ ಕಳಿಸಿದರೆ ಅದು ಮತ್ತೆ ಹಿಂಡುತ್ತದೆ. ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗಷ್ಟೇ ಕಾಣುವಂತೆ) ಇಟ್ಟಿದ್ದೆ, ಆದರೂ ಕಾಪಿರೈಟ್ ನೋಟಿಸ್ ಬಂತು. ವಿಡಿಯೊದವರು ಆರತಕ್ಷತೆಗೆ ಪೂರ್ತಿ ಸಿನಿಮಾ ಹಾಡು ಸುರಿದಿದ್ದರಲ್ಲ! ಆ ಭಾಗ ಕತ್ತರಿಸಿದೆ, ಹೇಗಿದ್ದರೂ ಅಲ್ಲಿ ಗುಲಾಬಿ ಹೂ ತಿರುಗೋದೇ ಜಾಸ್ತಿ ಇತ್ತು.

ಮದುವೆಯ ಮೂರನೇ ಡಿಸ್ಕ್ ಮಾತ್ರ ಎಷ್ಟು ಒರೆಸಿದರೂ ಓದುತ್ತಿಲ್ಲ. ಶಿರಾದ ದೊಡ್ಡಮ್ಮನ ಬೀರುವಿನಲ್ಲಿ ಇನ್ನೊಂದು ಕಾಪಿ ಇದೆಯಂತೆ, ಈ ಭಾನುವಾರ ಡ್ರೈವ್ ತಗೊಂಡೇ ಹೋಗ್ತೀನಿ.