ಮನೆಗೆ ಅಟೆಂಡರ್ ಕಳಿಸೋ ಏಜೆನ್ಸಿ: 11 ತಿಂಗಳ ಅನುಭವ, ಮತ್ತೆ ಆ ದುಡ್ಡು ಯಾರು ಕೊಡ್ಬೇಕು ಅನ್ನೋ ಮಾತು

ಹಾಸಿಗೆ ಹಿಡಿದೋರನ್ನ ನೋಡ್ಕೊಳ್ಳೋಕೆ ಮನೆಗೆ ಜನ ಕಳಿಸೋ ಒಂದು ಏಜೆನ್ಸಿಯಿಂದ ಮೈಸೂರಲ್ಲಿ 11 ತಿಂಗಳಿಂದ ಸರ್ವಿಸ್ ತಗೊಳ್ತಿದೀವಿ. ಹೆಸರು ಹಾಕ್ತಿಲ್ಲ. ಸೇರಿಸೋಕ್ ಮುಂಚೆ ನಾಲ್ಕು ಕಡೆ ವಿಚಾರಿಸಿದ್ದೆ, ಹೆಚ್ಚುಕಮ್ಮಿ ಎಲ್ಲಾ ಕಡೆನೂ ಇದೇ ರೇಟು ಇದೇ ಕಂಡೀಷನ್ನು, ಹಾಗಾಗಿ ಒಬ್ರನ್ನೇ ಹಿಡ್ಕೊಂಡು ಬೈದ್ರೆ ಪ್ರಯೋಜನ ಇಲ್ಲ. ನಿಮ್ಮನೇಲೂ ಯಾರಿಗಾದ್ರೂ ಇಂಥದ್ದು ಬೇಕಾಗಿದ್ರೆ ಮೊದ್ಲೇ ಗೊತ್ತಿರ್ಲಿ ಅಂತ ಬರೀತಿದೀನಿ.

ಅಮ್ಮಂಗೆ 78. 14 ತಿಂಗಳ ಹಿಂದೆ ಸ್ಟ್ರೋಕ್ ಆಯ್ತು, ಬಲಗೈ ಬಲಗಾಲು ಎರಡೂ ಹೋಯ್ತು, ಮಾತು ಅರ್ಧಂಬರ್ಧ. 9 ದಿನ ಆಸ್ಪತ್ರೆ. ಮೂಗಿಂದ ಹೊಟ್ಟೆಗೆ ಗಂಜಿ ಹಾಕೋ ನಳಿಕೆ, ರೈಲ್ಸ್ ಟ್ಯೂಬ್ ಅಂತಾರೆ, ಅದನ್ನ ಹಾಕೇ ಮನೆಗೆ ಕಳಿಸಿದ್ರು, ಟ್ಯೂಬ್ ತೆಗೆಯೋಕೆ ಆಮೇಲೆ ಐದು ತಿಂಗಳು ಹಿಡೀತು. ಮೊದಲ ಮೂರು ತಿಂಗಳು ನಾನೇ ನೋಡ್ಕೊಂಡೆ. ಎರಡು ಗಂಟೆಗೊಂದ್ ಸಲ ಮಗ್ಗುಲು ಬದಲಾಯಿಸ್ಬೇಕು ಇಲ್ಲಾಂದ್ರೆ ಮಲಗಿ ಮಲಗಿ ಮೈ ಒತ್ತಿ ಗಾಯ, ಅಂದ್ರೆ ಬೆಡ್ ಸೋರ್ ಆಗತ್ತೆ, ರಾತ್ರಿನೂ ಅಷ್ಟೇ, ಅಲಾರಾಂ ಇಟ್ಕೊಂಡು ಏಳ್ತಿದ್ದೆ, ಕೊನೆಗೆ ನನ್ನ ಸೊಂಟ ಹಿಡ್ಕೊಂಡು ನಾನೇ ಮಲಗೋ ಹಾಗಾದಾಗ ಏಜೆನ್ಸಿಗೆ ಫೋನ್ ಮಾಡಿದ್ದು.

ರೇಟು ಹೀಗಿದೆ. 24 ಗಂಟೆ ಮನೇಲೇ ಇರೋ ಅಟೆಂಡರ್‌ಗೆ ತಿಂಗಳಿಗೆ 28,000. ಊಟ ತಿಂಡಿ ನಮ್ದು. ರಿಜಿಸ್ಟ್ರೇಷನ್ ಅಂತ 3,000 ಬೇರೆ, ಅದು ವಾಪಸ್ ಬರಲ್ಲ. ಒಂದು ತಿಂಗಳ ದುಡ್ಡು ಅಡ್ವಾನ್ಸ್ ಕೊಟ್ಟ ಮೇಲೇ ಜನ ಕಳಿಸೋದು. ಜಿಎನ್‌ಎಂ ಅಂದ್ರೆ ನರ್ಸಿಂಗ್ ಡಿಪ್ಲೊಮಾ ಮಾಡಿರೋ ನರ್ಸೇ ಬೇಕು ಅಂದ್ರೆ ರೇಟು ಹತ್ರಹತ್ರ ಡಬಲ್.

ಫೋನಲ್ಲಿ ಮಾತಾಡೋವಾಗ ಎಲ್ಲಾ ಟ್ರೈನಿಂಗ್ ಆಗಿರೋರೇ ಮೇಡಂ, ಟ್ಯೂಬ್ ಫೀಡಿಂಗ್ ಎಲ್ಲ ಬರತ್ತೆ ಅಂದ್ರು. ಮೊದಲು ಬಂದ ಹುಡುಗಿಗೆ ಇನ್ನೂ ಇಪ್ಪತ್ತೊಂದು ಇಪ್ಪತ್ತೆರಡು ಇರ್ಬೇಕು, ಟ್ಯೂಬನ್ನ ಅವತ್ತೇ ಮೊದಲು ನೋಡಿದ್ದು ಪಾಪ. ಅಮ್ಮನ ಮಲಗಿಸ್ಕೊಂಡೇ ಗಂಜಿ ಹಾಕೋಕೆ ಹೋದ್ಲು, ನಾನು ಓಡಿ ಬಂದು ತಲೆ ಕಡೆ ಎತ್ತಿಸಿದೆ, ಹಾಗೆ ಹಾಕಿದ್ರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗತ್ತೆ ಅಂತ ಆಸ್ಪತ್ರೇಲಿ ಹತ್ತು ಸಲ ಹೇಳಿ ಕಳಿಸಿದ್ರು. ಆ ಹುಡುಗಿ ಮೇಲೆ ನಂಗೆ ಕೋಪ ಇಲ್ಲ. ಏನೂ ಹೇಳ್ಕೊಡದೆ ಒಂದು ಜೀವ ಅವಳ ಕೈಗೆ ಕೊಟ್ರಲ್ಲ, ಅವರ ಮೇಲೆ ಕೋಪ. ನಾಲ್ಕನೇ ದಿನ ಅವಳೇ ಅಳ್ತಾ ಹೊರಟಳು. ಎರಡನೆಯವರು ದಸರಾಗೆ ಊರಿಗೆ ಹೋಗಿ ಬರ್ತೀನಿ ಅಂದು ಹೋದವರು ಬರ್ಲಿಲ್ಲ. ಮೂರನೆಯವರು ಎರಡು ತಿಂಗಳು ಇದ್ರು, ಏಜೆನ್ಸಿಯವರೇ ಬೇರೆ ಮನೆಗೆ ಹಾಕಿದ್ರು. 24 ಗಂಟೆಲಿ ರೀಪ್ಲೇಸ್‌ಮೆಂಟ್ ಕೊಡ್ತೀವಿ ಅಂತ ಅಗ್ರಿಮೆಂಟಲ್ಲಿ ಬರೆದಿದೆ, ಆದ್ರೆ ಈ 11 ತಿಂಗಳಲ್ಲಿ ಒಟ್ಟು 26 ದಿನ ಯಾರೂ ಇರ್ಲಿಲ್ಲ, ಕ್ಯಾಲೆಂಡರಲ್ಲಿ ಗುರುತು ಹಾಕಿಟ್ಟಿದೀನಿ. ಅಟೆಂಡರ್ ಇದಾರಲ್ಲ ನೀನ್ಯಾಕೆ ಕೆಲಸಕ್ಕೆ ಹೋಗಲ್ಲ ಅಂತ ಕೇಳೋರಿಗೆ ನನ್ನ ಉತ್ತರ ಆ 26 ದಿನ.

ನಾಲ್ಕನೆಯವರು ಎಚ್.ಡಿ. ಕೋಟೆ ಕಡೆಯವರು, ಏಳು ತಿಂಗಳಿಂದ ಇದಾರೆ. ಅಮ್ಮನ್ನ ಅವ್ವ ಅಂತಾರೆ, ನನ್ನ ಮೊದ್ಲು ಮೇಡಂ ಅಂತಿದ್ರು ಈಗ ಅಕ್ಕ. ಅಮ್ಮನ್ನ ಎತ್ತಿ ಕೂರಿಸೋ ರೀತಿ ನೋಡ್ಬೇಕು, ನಾನು ಮೂರು ತಿಂಗಳಲ್ಲಿ ಕಲೀಲಿಲ್ಲ. ಡಯಾಪರ್ ಬದಲಾಯಿಸೋವಾಗ ರೂಮಿನ ಬಾಗಿಲು ಹಾಕಿ, ಅವ್ವ ಈಗ ತೆಗೀತೀನಿ ಕಣವ್ವ ಅಂತ ಮೊದ್ಲು ಹೇಳ್ತಾರೆ, ಆಮೇಲೇ ಮುಟ್ಟೋದು. ಅಮ್ಮ ಅವರ ಹತ್ರ ಮಾತ್ರ ಮುಖ ತಿರುಗಿಸಲ್ಲ. ಬೆನ್ನಲ್ಲಿ ಶುರುವಾಗಿದ್ದ ಗಾಯ ಇವರು ಬಂದ ಮೇಲೇ ಒಣಗಿದ್ದು.

ಅಗ್ರಿಮೆಂಟಲ್ಲಿ ಒಂದು ಸಾಲು ಇತ್ತು, ಸಂಬಳದ ವಿಚಾರ ಸ್ಟಾಫ್ ಹತ್ರ ಮಾತಾಡಬಾರ್ದು ಅಂತ. ನಾನು ಮಾತಾಡ್ದೆ. ನಾವು ಕೊಡೋ 28,000ದಲ್ಲಿ ಅವರ ಕೈಗೆ ಸೇರೋದು 17,000. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ವಾರದ ರಜ ಇಲ್ಲ, ರಜ ಹಾಕಿದ್ರೆ ಆ ದಿನದ ದುಡ್ಡು ಕಟ್. ಉಳಿದ 11,000 ಏನಕ್ಕೆ ಅಂತ ಏಜೆನ್ಸಿಯವರನ್ನ ಕೇಳ್ದೆ, ಆಫೀಸು ಬಾಡಿಗೆ, ಟ್ರೈನಿಂಗು, ರೀಪ್ಲೇಸ್‌ಮೆಂಟು ಅಂದ್ರು. ಟ್ರೈನಿಂಗೂ ನೋಡಿದೀನಿ ರೀಪ್ಲೇಸ್‌ಮೆಂಟೂ ನೋಡಿದೀನಿ.

ಈಗ ದುಡ್ಡಿನ ವಿಚಾರ. ನಮ್ಮನೆ ತಿಂಗಳ ಲೆಕ್ಕ ಬರೀತೀನಿ. ಅಟೆಂಡರ್‌ಗೆ 28,000. ಡಯಾಪರ್, ಅಂಡರ್‌ಪ್ಯಾಡ್, ಗ್ಲೌಸ್ ಎಲ್ಲಾ ಸೇರಿ 5,000. ಫಿಸಿಯೋ ವಾರಕ್ಕೆ ಮೂರು ದಿನ, 6,000. ಮಾತ್ರೆ 3,500. ಒಟ್ಟು 42,500. ಅಪ್ಪ ಸರ್ಕಾರಿ ಪ್ರೈಮರಿ ಸ್ಕೂಲಲ್ಲಿ ಮೇಷ್ಟ್ರಾಗಿದ್ರು, ಅವರದ್ದು ಅಮ್ಮಂಗೆ ಫ್ಯಾಮಿಲಿ ಪೆನ್ಷನ್ 13,000 ಬರತ್ತೆ. ಬೆಂಗಳೂರಲ್ಲಿರೋ ಅಣ್ಣ 12,000, ನ್ಯೂಜೆರ್ಸಿಲಿರೋ ತಮ್ಮ 12,000 ಕಳಿಸ್ತಾರೆ, ಒಂದ್ ತಿಂಗಳೂ ತಪ್ಪಿಸಿಲ್ಲ, ಅದನ್ನ ಹೇಳ್ಲೇಬೇಕು. ಉಳಿದ 5,500 ನಂದು. ಹಾಗಾಗಿ ಮನೇಲಿ ಎಲ್ರ ತಲೇಲೂ ಇರೋದು ಮಕ್ಕಳಲ್ಲಿ ಕಮ್ಮಿ ಕೊಡ್ತಿರೋದು ನಾನು ಅಂತ. ಯಾರೂ ಬಾಯ್ಬಿಟ್ಟು ಹೇಳಿಲ್ಲ, ಆದ್ರೆ ಯುಗಾದಿಗೆ ಸೇರಿದಾಗ ಅತ್ತಿಗೆ, ನಿಂಗೆ ಮನೇಲೇ ಇದ್ದಿದ್ದು ಒಳ್ಳೇದಾಯ್ತು ಬಿಡು ಅಂದ್ರು. ನಾನು ಪ್ರೈವೇಟ್ ಹೈಸ್ಕೂಲಲ್ಲಿ 22,000ಕ್ಕೆ ಪಾಠ ಮಾಡ್ತಿದ್ದೆ. ಅಮ್ಮಂಗೆ ಹೀಗಾದ ಎರಡನೇ ತಿಂಗಳು ಬಿಟ್ಟೆ. ಆ 22,000 ಯಾವ ಲೆಕ್ಕದಲ್ಲೂ ಇಲ್ಲ. ಅದನ್ನ ಸೇರಿಸಿದ್ರೆ ನಾನು ಕೊಡ್ತಿರೋದು 27,500, ಅಣ್ಣ ತಮ್ಮ ಇಬ್ರೂ ಸೇರಿ ಕೊಡೋದು 24,000.

ಇನ್ಶೂರೆನ್ಸ್ ಇತ್ತು. ಆಸ್ಪತ್ರೇಲಿದ್ದ 9 ದಿನಕ್ಕೆ ಹೆಚ್ಚುಪಾಲು ದುಡ್ಡು ಬಂತು. ಮನೆಗೆ ಬಂದ ಮೇಲಿನ ಅಟೆಂಡರ್‌ಗೆ ಡಯಾಪರ್‌ಗೆ ಒಂದು ರೂಪಾಯಿ ಇಲ್ಲ, ಅದು ಟ್ರೀಟ್‌ಮೆಂಟ್ ಅಲ್ವಂತೆ. 2024ರಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ರಿಗೂ ಆಯುಷ್ಮಾನ್‌ಲಿ ವರ್ಷಕ್ಕೆ 5 ಲಕ್ಷ ಅಂತ ಮಾಡಿದ್ದೂ ಅಷ್ಟೇ, ಅಡ್ಮಿಟ್ ಆದ್ರೆ ಮಾತ್ರ. ನಮ್ಮಲ್ಲಿ ಎಲ್ಲಾ ಏರ್ಪಾಟೂ ಆಸ್ಪತ್ರೆ ಬಾಗಿಲವರೆಗೆ. ಆಚೆ ಬಂದ ಮೇಲೆ ವರ್ಷಗಟ್ಟಲೆ ಮಲಗಿರೋರನ್ನ ಯಾರು ನೋಡ್ಬೇಕು ಅನ್ನೋದಕ್ಕೆ ಸರ್ಕಾರದ್ದು ಮಕ್ಕಳು ಅನ್ನೋ ಒಂದೇ ಉತ್ತರ.

ಅದಕ್ಕೆ ಕಾನೂನೂ ಇದೆ, ಹಿರಿಯ ನಾಗರಿಕರ ಪೋಷಣೆ ಕಾಯ್ದೆ, 2007ರದ್ದು. ಮಕ್ಕಳು ನೋಡ್ಕೊಳ್ದಿದ್ರೆ ಎಸಿ (ಅಸಿಸ್ಟೆಂಟ್ ಕಮಿಷನರ್) ಹತ್ರ ಅರ್ಜಿ ಹಾಕ್ಬೋದು, ನೋಡ್ಕೊಳ್ಬೇಕು ಅಂತ ಷರತ್ತು ಹಾಕಿ ಆಸ್ತಿ ಬರ್ಕೊಟ್ಟಿದ್ರೆ ಆ ದಾನಪತ್ರನೂ ರದ್ದು ಮಾಡಿಸ್ಬೋದು. ಒಳ್ಳೇ ಕಾನೂನೇ, ಅಪ್ಪ ಅಮ್ಮನ್ನ ಬೀದಿಗೆ ಹಾಕೋರಿಗೆ ಬೇಕೇ ಬೇಕು. ಆದ್ರೆ ಜೀವನಾಂಶ ತಿಂಗಳಿಗೆ 10,000 ಮೀರೋ ಹಾಗಿಲ್ಲ ಅಂತ ಅದೇ ಕಾಯ್ದೇಲಿದೆ, ನಮ್ಮನೆ ಲೆಕ್ಕ ಮೇಲೆ ನೋಡಿದ್ರಲ್ಲ. ಇನ್ನೊಂದು, ಅದರಲ್ಲಿ ಮಕ್ಕಳು ಅಂದ್ರೆ ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು. ಸೊಸೆ ಹೆಸರಿಲ್ಲ. ಸೊಸೆ ಅಳಿಯನ್ನೂ ಸೇರಿಸಿ 10,000ದ ಮಿತಿನೂ ತೆಗೆಯೋಕೆ 2019ರಲ್ಲಿ ತಿದ್ದುಪಡಿ ಬಿಲ್ ತಂದಿದ್ರು, ಪಾಸಾಗ್ಲಿಲ್ಲ. ಅಂದ್ರೆ ಇವತ್ತಿಗೆ ಕಾನೂನು ಪ್ರಕಾರ ಅತ್ತೆ ಮಾವನ್ನ ನೋಡ್ಕೊಳ್ಳೋ ಹೊಣೆ ಸೊಸೇದಲ್ಲ, ಆದ್ರೆ ನಿಮ್ಮ ಬೀದಿಲಿ ಹಾಸಿಗೆ ಹಿಡಿದಿರೋ ಮನೆಗಳಿಗೆ ಹೋಗಿ ನೋಡಿ, ಡಯಾಪರ್ ಬದಲಾಯಿಸ್ತಿರೋದು ಮಗನಾ ಸೊಸೆಯಾ ಅಂತ.

ಪೆನ್ಷನ್ ಇಲ್ದೋರ ಕಥೆ ಯೋಚಿಸಿದ್ರೆ ನಿದ್ದೆ ಬರಲ್ಲ. ವಯಸ್ಸಾದ ಬಡವರಿಗೆ ರಾಜ್ಯ ಸರ್ಕಾರ ಕೊಡೋ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ಬರತ್ತೆ. ಅಮ್ಮನ ಡಯಾಪರ್ ಸಾಮಾನಿಗೆ ಅದು ಒಂದು ವಾರಕ್ಕೆ ಸಾಕು. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 79 ವಯಸ್ಸಿನವರೆಗೆ 200, 80 ಆದ ಮೇಲೆ 500.

ನಮ್ಮ ಅಟೆಂಡರ್ ಮನೇದೇ ಹೇಳ್ತೀನಿ, ಅವರ ಒಪ್ಪಿಗೆ ಕೇಳೇ ಬರೀತಿದೀನಿ. ಅವರ ಅತ್ತೆಗೂ ವಯಸ್ಸಾಗಿದೆ, ಕಣ್ಣು ಸರಿ ಕಾಣಲ್ಲ, ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ರು. ಇವರು ಇಲ್ಲಿ ನಮ್ಮಮ್ಮನ್ನ ನೋಡ್ಕೊಳ್ತಿದಾರೆ, ಅಲ್ಲಿ ಅವರ ಅತ್ತೆನ ನೋಡ್ಕೊಳ್ತಿರೋದು ಎಸ್‌ಎಸ್‌ಎಲ್‌ಸಿ ಓದೋ ಮಗಳು, ಬೆಳಿಗ್ಗೆ ಗಂಜಿ ಮಾಡಿಟ್ಟು ಸ್ಕೂಲಿಗೆ ಹೋಗ್ತಾಳೆ. ನಮ್ಮನೆ ಖರ್ಚಿನ ಒಂದು ಪಾಲು ಆ ಹುಡುಗಿ ತಲೆ ಮೇಲೆ ಹೋಗಿ ಕೂತಿದೆ. ಇದು ಗೊತ್ತಾದ ದಿನ ನಂಗೆ ಊಟ ಸೇರ್ಲಿಲ್ಲ.

ಅವರ ತಂಗೀನ ಗಡಿ ಆಚೆ ಕೇರಳದ ವಯನಾಡಲ್ಲಿ, ಮಾನಂದವಾಡಿ ಕಡೆ ಕೊಟ್ಟಿದಾರೆ. ಅಲ್ಲಿ ಮಾವ ಹಾಸಿಗೆ ಹಿಡಿದಿದ್ದಾಗ ಪಂಚಾಯ್ತಿ ಕಡೆಯಿಂದ ಪ್ಯಾಲಿಯೇಟಿವ್ ನರ್ಸು, ಅಂದ್ರೆ ಇಂಥ ರೋಗಿಗಳ ನೋವು ಕಮ್ಮಿ ಮಾಡಿ ನೋಡ್ಕೊಳ್ಳೋ ನರ್ಸು, ಮನೆಗೇ ಬಂದು ಗಾಯ ತೊಳೆದು ಕ್ಯಾತಿಟರ್ (ಮೂತ್ರದ ನಳಿಕೆ) ಬದಲಾಯಿಸಿ ಹೋಗ್ತಿದ್ರಂತೆ, ದುಡ್ಡಿಲ್ದೆ. ಕೇರಳದಲ್ಲಿ 2008ರಲ್ಲೇ ಇದಕ್ಕೆ ಸರ್ಕಾರದ ನೀತಿ ಮಾಡಿ ಪಂಚಾಯ್ತಿಗಳಿಗೆ ವಹಿಸಿದಾರೆ, ಊರಿನ ಜನನೂ ಕೈ ಜೋಡಿಸ್ತಾರೆ. ಬಾವಲಿ ಚೆಕ್‌ಪೋಸ್ಟ್ ದಾಟಿದ್ರೆ ಇರೋದು ಈಚೆ ಯಾಕಿಲ್ಲ ಅಂತ ಅವರು ಕೇಳಿದ್ರು. ಜಪಾನಲ್ಲಿ 2000ದಿಂದ 40 ವಯಸ್ಸಾದ ಎಲ್ರೂ ಇದಕ್ಕೇ ಅಂತ ಬೇರೆ ವಿಮೆ ಕಂತು ಕಟ್ತಾರೆ, ವಯಸ್ಸಾದ ಮೇಲೆ ಮನೆಗೆ ಸಹಾಯಕ್ಕೆ ಜನ ಬರ್ತಾರೆ, ಹೆಚ್ಚಿನವರು ಕೊಡ್ಬೇಕಾದ್ದು ಖರ್ಚಿನ ನೂರಕ್ಕೆ ಹತ್ತು ಪಾಲು. ನಾವು ಅಷ್ಟು ದೂರ ನೋಡೋದು ಬೇಡ, ವಯನಾಡಿನಷ್ಟು ಮಾಡಿದ್ರೂ ಸಾಕು.

ನನ್ನ ಪ್ರಕಾರ ಮೊದಲು ಅಮ್ಮನ ದುಡ್ಡು ಅಮ್ಮಂಗೇ ಖರ್ಚಾಗ್ಬೇಕು, ಅದು ಮುಂದೆ ಮಕ್ಕಳಿಗೆ ಅಂತ ಎತ್ತಿಡೋದಲ್ಲ. ಅಮ್ಮನೂ ಎಡಗೈಲಿ ಬೀರು ತೋರಿಸಿ ಪಾಸ್‌ಬುಕ್ ತೆಗೀ ಅಂತಾರೆ. ಆಮೇಲೆ ಮಕ್ಕಳು, ಆದ್ರೆ ಸಮಪಾಲು ಅಂದ್ರೆ ದುಡ್ಡಿನ ಸಮಪಾಲು ಮಾತ್ರ ಅಲ್ಲ, ಜೊತೆಗಿದ್ದು ಮಾಡೋರ ಕೆಲಸಕ್ಕೂ ಬೆಲೆ ಕಟ್ಟಿ ಆಮೇಲೆ ಹಂಚ್ಬೇಕು. ನರ್ಸಿನ ಭೇಟಿ, ಡಯಾಪರ್, ಏರ್ ಬೆಡ್ ಇಷ್ಟಾದ್ರೂ ಸರ್ಕಾರದ್ದು, ಬಡವರಿಗೆ ಪೂರ್ತಿ. ಈ ಲೆಕ್ಕ ಎಲ್ಲಾ ಒಂದು ಹಾಳೇಲಿ ಬರೆದು ಅಣ್ಣಂಗೂ ತಮ್ಮಂಗೂ ವಾಟ್ಸಾಪ್ ಮಾಡ್ದೆ, ಕೈ ನಡುಗ್ತಿತ್ತು. ತಮ್ಮ ಎರಡು ದಿನ ಉತ್ತರ ಕೊಡ್ಲಿಲ್ಲ, ಮೂರನೇ ದಿನ 20,000 ಮಾಡ್ತೀನಿ ಕಣೇ ಅಕ್ಕ ಅಂದ. ಅಣ್ಣ ದುಡ್ಡು ಜಾಸ್ತಿ ಆಗಲ್ಲ, ತಿಂಗಳಿಗೆ ಎರಡು ಭಾನುವಾರ ಬರ್ತೀನಿ ಅಂದ, ಬರ್ತಾನೂ ಇದಾನೆ. ಅವತ್ತು ಅಟೆಂಡರ್ ಊರಿಗೆ ಹೋಗಿ ಬರ್ತಾರೆ, ಏಜೆನ್ಸಿ ಕಟ್ ಮಾಡೋ ದುಡ್ಡು ನಾವು ಅವರ ಕೈಗೇ ಕೊಡ್ತೀವಿ.

ಏಜೆನ್ಸಿಗೆ ಐದಕ್ಕೆ ಎರಡು ಕೊಡ್ತೀನಿ. ಆ ಎರಡು, ಪೊಲೀಸ್ ವೆರಿಫಿಕೇಷನ್ ಕಾಗದ ಕೇಳಿದ ತಕ್ಷಣ ಕೊಟ್ಟಿದ್ದಕ್ಕೆ, ಬಿಲ್ ಸರಿಯಾಗಿ ಕೊಡೋದಕ್ಕೆ. ಸೇರಿಸೋರು ಇಷ್ಟು ಕೇಳಿ: ಬರೋರು ಟ್ಯೂಬು ಕ್ಯಾತಿಟರ್ ಎಲ್ಲಿ ಕಲಿತಿದಾರೆ, ವಾರದ ರಜ ದಿನ ಬದಲಿಗೆ ಯಾರು ಬರ್ತಾರೆ, ಅಡ್ವಾನ್ಸ್ ಯಾವಾಗ ವಾಪಸ್, ಅವರ ಕೈಗೆ ಎಷ್ಟು ಹೋಗತ್ತೆ. ಕೊನೇದಕ್ಕೆ ಉತ್ತರ ಕೊಡ್ದೋರ ಹತ್ರ ನಾನಾಗಿದ್ರೆ ಇನ್ನೊಂದ್ ಸಲ ಹೋಗಲ್ಲ. ಮುಂದಿನ ತಿಂಗಳು ಅಗ್ರಿಮೆಂಟ್ ಮುಗಿಯತ್ತೆ, ಮೈಸೂರಲ್ಲಿ ಸಂಬಳ ಎಷ್ಟು ಅಂತ ಬರೆದು ತೋರಿಸಿ ವಾರಕ್ಕೊಂದು ರಜನೂ ಕೊಡೋ ಏಜೆನ್ಸಿ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ತಿಳಿಸಿ, ನಮ್ಮ ಅಟೆಂಡರೂ ಅಲ್ಲಿಗೇ ಸೇರ್ತೀನಿ ಅಂತಿದಾರೆ.