ಐಎಂಎಫ್ ಡೇಟಾಮ್ಯಾಪರ್: ರ್‍ಯಾಂಕ್ ನೋಡುವ ಮೊದಲು ಆವೃತ್ತಿ ನೋಡಿ

‘ಜಗತ್ತಿನ ದೊಡ್ಡ ಆರ್ಥಿಕತೆಗಳಲ್ಲಿ ಭಾರತ ಈಗ ನಾಲ್ಕನೆಯದೋ ಐದನೆಯದೋ’ ಎಂಬ ಚರ್ಚೆಯಲ್ಲಿ ವಾಟ್ಸ್‌ಆಪ್‌ನಲ್ಲಿ ಓಡಾಡುವ ಪಟ್ಟಿಗಳ ಬೇರು ಹೆಚ್ಚಾಗಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಅಂಕಿ-ಅಂಶ ತಾಣವಾದ ಡೇಟಾಮ್ಯಾಪರ್‌ನಲ್ಲೇ ಇರುತ್ತದೆ. ಲಾಗಿನ್ ಬೇಡ, ದುಡ್ಡು ಬೇಡ. ಜಿಡಿಪಿ, ತಲಾ ಜಿಡಿಪಿ, ಪಿಪಿಪಿ (ಆಯಾ ದೇಶದ ಬೆಲೆಮಟ್ಟಕ್ಕೆ ಹೊಂದಿಸಿದ ಲೆಕ್ಕ), ಯಾವುದು ಬೇಕೋ ಆರಿಸಿ ವರ್ಷ ಕೊಟ್ಟರೆ ನಕ್ಷೆ ಬರುತ್ತದೆ. 1980ರಿಂದ ಈಚಿನ ಅಂಕಿಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ಬಳಕೆ ಇಷ್ಟು ಸಲೀಸಾಗಿರುವ ಸರ್ಕಾರಿ ಮಟ್ಟದ ತಾಣ ಅಪರೂಪ.

ಎಡವುವುದು ವರ್ಷದ ಆಯ್ಕೆಯಲ್ಲಿ. ಮುಗಿದ ವರ್ಷದ ಲೆಕ್ಕವೂ ಬರಲಿರುವ ವರ್ಷದ ಅಂದಾಜೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಈ ಅಂಕಿಗಳ ಹೊಸ ಆವೃತ್ತಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬರುತ್ತದೆ. 2025ರ ಏಪ್ರಿಲ್ ಆವೃತ್ತಿ ಆ ವರ್ಷಕ್ಕೆ ಭಾರತದ ಜಿಡಿಪಿಯನ್ನು 4,187 ಶತಕೋಟಿ ಡಾಲರ್, ಜಪಾನಿನದನ್ನು 4,186 ಎಂದು ಅಂದಾಜಿಸಿತ್ತು. ವರ್ಷ ಅರ್ಧವೂ ಕಳೆದಿರಲಿಲ್ಲ, ಅಷ್ಟರಲ್ಲೇ ‘ಜಪಾನನ್ನು ಹಿಂದಿಕ್ಕಿದೆವು’ ಎಂಬ ಸಂಭ್ರಮ! ಅಕ್ಟೋಬರ್ ಆವೃತ್ತಿಯಲ್ಲಿ ಜಪಾನ್ ಸುಮಾರು 4,280, ಭಾರತ ಸುಮಾರು 4,125. ರೂಪಾಯಿ ದರ ಶೇ 1ರಷ್ಟು ಅಲುಗಿದರೂ ನಮ್ಮ ಮೊತ್ತ 40 ಶತಕೋಟಿ ಆಚೀಚೆಯಾಗುತ್ತದೆ. ಒಂದು ಶತಕೋಟಿಯ ಮುನ್ನಡೆಗೆ ಏನು ಬೆಲೆ? ಸಾಲದ್ದಕ್ಕೆ, ಇಲ್ಲಿ ಭಾರತದ ‘2025’ ಎಂದರೆ ಏಪ್ರಿಲ್‌ನಿಂದ ಮಾರ್ಚ್, ಜಪಾನಿನದು ಜನವರಿಯಿಂದ ಡಿಸೆಂಬರ್.

ಹಾಗಾಗಿ ಸ್ಕ್ರೀನ್‌ಶಾಟ್ ತೆಗೆಯುವಾಗ ಆವೃತ್ತಿಯ ತಿಂಗಳು ಸೇರಿಸಿಕೊಳ್ಳಿ. ಪೂರ್ಣ ಡೇಟಾಬೇಸ್ ಇಳಿಸಿದರೆ ಯಾವ ವರ್ಷದಿಂದಾಚೆ ಅಂದಾಜು ಎಂದು ಹೇಳುವ ಅಂಕಣವೊಂದು ಸಿಗುತ್ತದೆ; ಮೊದಲು ಅದನ್ನು ನೋಡಿ. ಬೇರೆ ಬೇರೆ ಆವೃತ್ತಿಗಳ ಅಂಕಿಗಳನ್ನು ಬೆರೆಸಬೇಡಿ. ಲೆಕ್ಕ ಹಾಕುವ ರೀತಿಯೇ ನಡುವೆ ಬದಲಾಗಿರಬಹುದು. 2014ರಲ್ಲಿ ನೈಜೀರಿಯ ತನ್ನ ಜಿಡಿಪಿ ಲೆಕ್ಕಕ್ಕೆ ಆಧಾರವಾದ ಮೂಲವರ್ಷವನ್ನು 1990ರಿಂದ 2010ಕ್ಕೆ ತಂದಾಗ ಅದರ ಜಿಡಿಪಿ ಶೇ 89ರಷ್ಟು ಹಿಗ್ಗಿ, ದಕ್ಷಿಣ ಆಫ್ರಿಕಾ ಹಿಂದೆ ಬಿತ್ತು. ಹೊಸದಾಗಿ ಕಾರ್ಖಾನೆಗಳೇನೂ ಎದ್ದಿರಲಿಲ್ಲ, ಅದುವರೆಗೆ ಲೆಕ್ಕಕ್ಕೆ ಸರಿಯಾಗಿ ಸಿಗದಿದ್ದ ಟೆಲಿಕಾಂ, ಸಿನಿಮಾದಂಥ ವಲಯಗಳು ಸೇರಿದವು, ಅಷ್ಟೇ.

ಪಿಪಿಪಿ ಒತ್ತಿದರೆ ಭಾರತ ಮೂರನೆಯದು. ದೇಶಗಳ ಬೆಲೆಗಳನ್ನು ಹೋಲಿಸಿದ 2017ರ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನಿಗೆ ಇಲ್ಲಿ 20.65 ರೂಪಾಯಿ ಸಾಕಿತ್ತು. ಆಗ ವಿನಿಮಯ ದರ 65.12. ಜೀವನಮಟ್ಟ ಹೋಲಿಸಲು ಇದು ಸರಿ, ಆದರೆ ಕಚ್ಚಾತೈಲ ಕೊಳ್ಳುವಾಗ 20.65 ನಡೆಯುವುದಿಲ್ಲ. ತಲಾ ಜಿಡಿಪಿ ಒತ್ತಿ ನೋಡಿ: ಅದೇ ಏಪ್ರಿಲ್ ಆವೃತ್ತಿಯಲ್ಲಿ ಜಪಾನ್ 34,000 ಡಾಲರಿನ ಆಸುಪಾಸು, ನಾವು 2,900ರೊಳಗೆ.

ಮುಗಿದ ವರ್ಷಗಳ ರ್‍ಯಾಂಕ್ ಮಾತ್ರ ಬೇಕಿದ್ದವರಿಗೆ ವಿಶ್ವಬ್ಯಾಂಕ್‌ನ ಡೇಟಾ ತಾಣವೇ ಮೇಲು. ಅದರ ಜಿಡಿಪಿ ಪಟ್ಟಿಯಲ್ಲಿ ಬರಲಿರುವ ವರ್ಷಗಳ ಅಂದಾಜು ಸೇರಿರುವುದಿಲ್ಲವಾದ್ದರಿಂದ ಆರು ತಿಂಗಳಿಗೊಮ್ಮೆ ಅಂದಾಜುಗಳ ಈ ಹಾವು-ಏಣಿ ಆಟ ಇರುವುದಿಲ್ಲ.